ಒಂದೇ ಕ್ಯಾನಿನ ಅಳತೆ: ಪುನರ್ವಸತಿ ಕೇಂದ್ರದ ಪ್ರೌಢಶಾಲೆಯಲ್ಲಿ ಶಾಂತಿ ಮತ್ತು ಹಕ್ಕುಗಳ ಪಾಠ

ಬಿ.ಇಡಿ. ಮೂರನೇ ಸೆಮಿಸ್ಟರಿನ ಶಾಲಾ ಇಂಟರ್ನ್‌ಶಿಪ್‌ಗೆ ನನಗೆ ಹಂಚಿಕೆಯಾದದ್ದು ಬಾಗಲಕೋಟೆ ಜಿಲ್ಲೆಯಲ್ಲಿ, ಆಲಮಟ್ಟಿ ಹಿನ್ನೀರಿಗೆ ಹತ್ತಿರದ ಒಂದು ಪುನರ್ವಸತಿ ಕೇಂದ್ರದ ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಒಂಬತ್ತನೇ ತರಗತಿಯಲ್ಲಿ 38 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳು ಪುನರ್ವಸತಿ ಕೇಂದ್ರದವರು, ಉಳಿದವರು ಒಂದು ಕಿಲೋಮೀಟರ್ ದೂರದ ಪಕ್ಕದ ಊರಿನವರು. ಕಿಟಕಿಯ ಕಡೆ ಇವರು, ಬಾಗಿಲ ಕಡೆ ಅವರು. ಹಾಗೆ ಕೂರಿಸಿದವರು ಯಾರೂ ಇರಲಿಲ್ಲ. ಮೊದಲ ದಿನ ನಾನು ಇದನ್ನು ಗಮನಿಸಲೂ ಇಲ್ಲ.

ಎರಡನೇ ದಿನ ಬಿಸಿಯೂಟದ ಹೊತ್ತಿಗೆ ಜಗಳವಾಯಿತು. ಕುಡಿಯುವ ನೀರಿನ ವಿಷಯ. ಪುನರ್ವಸತಿ ಕೇಂದ್ರದ ಎತ್ತರದ ಜಾಗದಲ್ಲಿ ಒಂದು ನೀರಿನ ಟಾಕಿ ಇದೆ. ಅದರಿಂದ ಎರಡೂ ಕಡೆಗೆ ಪೈಪು ಹೋಗಿದೆ. "ಟಾಕಿ ನಿಮ್ಮ ಕಡೆ ಐತಿ, ನೀವ ಎಲ್ಲಾ ನೀರು ಹಿಡಕೋತೀರಿ" ಎಂದು ಪಕ್ಕದ ಊರಿನ ಹುಡುಗ ಅಂದ. "ನಮ್ಮ ಊರು ಮುಳಗಿದ್ದಕ್ಕ ನಿಮ್ಮ ಹೊಲಕ್ಕ ಕಾಲುವಿ ಬಂತು, ಮ್ಯಾಲ ಕುಡಿಯೋ ನೀರೂ ನಿಮಗ ಬೇಕೇನು?" ಎಂದು ಇನ್ನೊಬ್ಬ ಅಂದ. ಒಂದು ಕಂಪಾಸ್ ಪೆಟ್ಟಿಗೆ ಮುರಿಯಿತು, ಒಬ್ಬನ ತುಟಿ ಒಡೆಯಿತು. ಮಾರ್ಗದರ್ಶಕ ಶಿಕ್ಷಕರು ಇಬ್ಬರನ್ನೂ ಬಿಡಿಸಿ, ನನ್ನ ಕಡೆ ತಿರುಗಿ, "ಬ್ಯಾಸಿಗ್ಯಾಗ ಇನ್ನೂ ಜೋರ ಇರ್ತೈತ್ರಿ" ಎಂದರು.

ನನ್ನ ಕ್ರಿಯಾ ಸಂಶೋಧನೆಗೆ ಅದುವರೆಗೆ ಆರಿಸಿಕೊಂಡಿದ್ದ ವಿಷಯ ಬೇರೆ ಇತ್ತು, ಘಾತಾಂಕಗಳಲ್ಲಿ ಮಕ್ಕಳು ಮಾಡುವ ತಪ್ಪುಗಳು. ಅಂದು ಸಂಜೆ ಅದನ್ನು ಬದಲಿಸಿದೆ. ನಿರಾಶ್ರಿತ ಸಮುದಾಯದ ಹದಿಹರೆಯದ ಮಕ್ಕಳನ್ನು ಶಾಂತಿಗೂ ಹಕ್ಕು ಕೇಳುವುದಕ್ಕೂ ಒಟ್ಟಿಗೆ ಸಿದ್ಧಪಡಿಸಲು ವಿಜ್ಞಾನದ ಶಿಕ್ಷಕಿಯಿಂದ ಸಾಧ್ಯವೇ ಎಂಬುದು ನನ್ನ ಪ್ರಶ್ನೆಯಾಯಿತು. ಈ ಲೇಖನ ಆ ಹದಿನೈದು ವಾರಗಳ ದಿನಚರಿಯಿಂದ ಆಯ್ದದ್ದು.

ಹಿನ್ನೆಲೆ ತಿಳಿಯದವರಿಗೆ ಎರಡು ಮಾತು. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನೀರು ನಿಂತದ್ದು ಬಹಳ ತಡವಾಗಿ, ಹಂತಹಂತವಾಗಿ. 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು 2000ದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಹಳೇ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಎದ್ದಿತು. ನದಿದಂಡೆಯ ಹಳ್ಳಿಗಳು ಎತ್ತರದ ಜಾಗಗಳಿಗೆ ಎದ್ದು ಬಂದವು. ನನ್ನ ತರಗತಿಯ ಮಕ್ಕಳು ಹುಟ್ಟುವ ಹೊತ್ತಿಗೆ ಇದೆಲ್ಲ ಮುಗಿದಿತ್ತು. ಆದರೂ ಪರಿಚಯ ಕೇಳಿದರೆ ಅವರು ಮೊದಲು ಹೇಳುವುದು "ನಾವು ಮುಳುಗಡಿಯವರು" ಎಂದೇ. ತಾವು ಕಾಣದ ಊರಿನ ಓಣಿಗಳ ಹೆಸರು ಅವರಿಗೆ ಬಾಯಿಪಾಠ. ನನ್ನ ತಾಯಿಯ ತವರೂ ಮುಳುಗಡೆಯಾದ ಊರೇ. ಈ ಸಂಗತಿ ನನಗೆ ಅನುಕೂಲವೆಂದು ನಾನು ಭಾವಿಸಿದ್ದೆ. ಅದು ಅನುಕೂಲವಾಗಲಿಲ್ಲ.

ಶಾಂತಿ ಶಿಕ್ಷಣಕ್ಕೆ ನಮ್ಮಲ್ಲಿ ಆಧಾರಗಳು ಕಡಿಮೆಯಿಲ್ಲ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಜೊತೆಗೆ ಶಾಂತಿಗಾಗಿ ಶಿಕ್ಷಣ ಕುರಿತೇ ಒಂದು ಪ್ರತ್ಯೇಕ ಪ್ರಬಂಧ ಬಂದಿದೆ. ವಿಶ್ವಸಂಸ್ಥೆಯ 1998ರ ಆಂತರಿಕ ಸ್ಥಳಾಂತರ ಕುರಿತ ಮಾರ್ಗದರ್ಶಿ ತತ್ವಗಳು ಯುದ್ಧದಿಂದ ಓಡಿಬಂದವರನ್ನಷ್ಟೇ ಅಲ್ಲ, ದೊಡ್ಡ ಅಭಿವೃದ್ಧಿ ಯೋಜನೆಗಳಿಂದ ಎತ್ತಂಗಡಿಯಾದವರನ್ನೂ ಮನಸ್ಸಿನಲ್ಲಿಟ್ಟುಕೊಂಡಿವೆ. ಭದ್ರತಾ ಮಂಡಳಿಯ 2250ನೇ ನಿರ್ಣಯ (2015) ಶಾಂತಿ ಕಟ್ಟುವುದರಲ್ಲಿ ಯುವಜನರ ಪಾಲನ್ನು ಒಪ್ಪಿಕೊಂಡಿದೆ, ಆದರೆ ಅದರ ಲೆಕ್ಕದಲ್ಲಿ ಯುವಜನರೆಂದರೆ 18ರಿಂದ 29 ವರ್ಷದವರು. ನನ್ನ ಮಕ್ಕಳಿಗೆ 14. ಜಗಳವಾಡಲು ಮಾತ್ರ ಅವರು ಸಾಕಷ್ಟು ದೊಡ್ಡವರಾಗಿದ್ದರು.

ಮೊದಲ ಪ್ರಯತ್ನ ಪಾತ್ರಾಭಿನಯ. ಸೂಕ್ಷ್ಮಬೋಧನೆಯಲ್ಲಿ ನನಗೆ ಒಳ್ಳೆಯ ಅಂಕ ತಂದುಕೊಟ್ಟ ವಿಧಾನ ಅದು. ಚೀಟಿ ಎತ್ತಿಸಿ ಒಬ್ಬನನ್ನು ಅಧಿಕಾರಿ ಮಾಡಿದೆ, ಕೆಲವರನ್ನು ಮನೆ ಕಳೆದುಕೊಳ್ಳುವವರು, ಕೆಲವರನ್ನು ಜಾಗ ಕೊಡುವ ಊರಿನವರು. ವಾತಾವರಣ ಹಗುರ ಮಾಡಲು ನನ್ನ ತಾಯಿಯ ತವರಿನ ಕಥೆಯನ್ನೂ ಹೇಳಿದೆ. ಅಧಿಕಾರಿಯ ಚೀಟಿ ಬಂದದ್ದು ಪುನರ್ವಸತಿಯ ಹುಡುಗನಿಗೆ, ಅವನು ಎದ್ದು ನಿಲ್ಲಲೇ ಇಲ್ಲ. ನೋಟಿಸು ಓದುವ ದೃಶ್ಯ ಬಂದಾಗ ಬಾಗಿಲ ಕಡೆಯ ಬೆಂಚಿನಲ್ಲಿ ಯಾರೋ ನಕ್ಕರು. ಒಬ್ಬ ಹುಡುಗಿ ಪುಸ್ತಕ ಮುಚ್ಚಿ, "ನಮ್ಮ ಅಮ್ಮ ಈಗೂ ನೀರು ಇಳದಾಗ ಗುಡಿ ನೋಡಾಕ ಹೋಗಿ ಅಳಕೋತ ಬರ್ತಾಳ್ರಿ. ಇದನ್ನ ನಾಟಕ ಮಾಡಬ್ಯಾಡ್ರಿ" ಎಂದಳು. (ಆ ಭಾಗದಲ್ಲಿ ಅಮ್ಮ ಎಂದರೆ ಅಜ್ಜಿ.) ತರಗತಿ ಮುಗಿದ ಮೇಲೆ ಪಕ್ಕದ ಊರಿನ ಹುಡುಗನೊಬ್ಬ ಕರಿಹಲಗೆ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದ: "ನೀವೂ ಅವರ ಕಡೀನ ಅಲ್ರಿ ಮೇಡಂ."

ಅಂದಿನ ವೀಕ್ಷಣಾ ಪಟ್ಟಿಯಲ್ಲಿ "ವಿದ್ಯಾರ್ಥಿಗಳ ಭಾಗವಹಿಸುವಿಕೆ: ಉತ್ತಮ" ಎಂದು ಬಂದಿದೆ. ನಾನು ಮಾತ್ರ ದಿನಚರಿಯಲ್ಲಿ ಬೇರೆ ಬರೆದುಕೊಂಡೆ. ಪರಸ್ಪರ ನಂಬಿಕೆ ಇಲ್ಲದ ಮಕ್ಕಳ ಎದುರು ಒಂದು ಮಗುವಿಗೆ ತನ್ನ ಮನೆಯ ದುಃಖವನ್ನು ಅಭಿನಯಿಸು ಎಂದು ಹೇಳುವ ಅಧಿಕಾರ ನನಗೆ ಇರಲಿಲ್ಲ. ಇನ್ನರ್ಧ ತರಗತಿಗೆ ಆ ಕಥೆಯಲ್ಲಿ ನಾನು ಕೊಟ್ಟ ಜಾಗ ಒಂದೇ, ತಪ್ಪಿತಸ್ಥರದು.

ಮುಂದಿನ ವಾರ ನನ್ನ ವಿಷಯಕ್ಕೇ ಮರಳಿದೆ. ವಿಜ್ಞಾನದ ತರಗತಿಯಲ್ಲಿ ನಾವು ವೀಕ್ಷಣೆ ಮತ್ತು ಊಹೆಯ ವ್ಯತ್ಯಾಸ ಕಲಿಸುತ್ತೇವೆ. ಮೇಣದ ಬತ್ತಿ ಉರಿಯುವುದನ್ನು ನೋಡಿ ಬರೆಯಿರಿ ಎಂದಾಗ "ಆಮ್ಲಜನಕ ಖಾಲಿಯಾಯಿತು" ಎಂದು ಬರೆಯುವ ಮಗುವಿಗೆ "ನೀನು ಕಂಡದ್ದೇನು?" ಎಂದು ಕೇಳುತ್ತೇವೆ. ಅದೇ ಪ್ರಶ್ನೆಯನ್ನು ನೀರಿನ ಜಗಳಕ್ಕೆ ಕೇಳಿದೆ. ಪ್ರತಿಯೊಬ್ಬರ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆಸಿ, ಒಂದು ಬದಿಗೆ "ಕಂಡದ್ದು", ಇನ್ನೊಂದು ಬದಿಗೆ "ಅಂದುಕೊಂಡದ್ದು" ಎಂದು ಬರೆಸಿದೆ. ನೀರಿನ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆಯಿರಿ ಎಂದೆ. ಹತ್ತು ನಿಮಿಷದಲ್ಲಿ ಎರಡನೇ ಕಲಂ ಎಲ್ಲರದೂ ತುಂಬಿತು. ಮೊದಲನೆಯದರಲ್ಲಿ ಹೆಚ್ಚೆಂದರೆ ಎರಡು ಸಾಲು. ಅದನ್ನು ನೋಡಿ ಅವರೇ ನಕ್ಕರು. ಎರಡೂ ಕಡೆಯವರು ಒಂದೇ ಕಾರಣಕ್ಕೆ ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಹಾಗಾದರೆ ಅಳೆಯೋಣ ಎಂದಾಯಿತು. ಆರು ನಲ್ಲಿಗಳನ್ನು ಗುರುತಿಸಿದೆವು, ಮೂರು ಪುನರ್ವಸತಿಯಲ್ಲಿ, ಮೂರು ಪಕ್ಕದ ಊರಿನಲ್ಲಿ. ಎರಡೂ ಕಡೆ ಟಾಕಿಗೆ ಹತ್ತಿರದ ಒಂದು, ನಡುವಿನ ಒಂದು, ಕಟ್ಟಕಡೆಯ ಓಣಿಯ ಒಂದು. ಪ್ರತಿ ನಲ್ಲಿಗೆ ಇಬ್ಬರ ಜೋಡಿ, ಈ ಕಡೆಯವರೊಬ್ಬರು, ಆ ಕಡೆಯವರೊಬ್ಬರು. ಮೊದಲ ದಿನ ಮನೆಯ ಕೊಡಗಳನ್ನೇ ಬಳಸಿದರು. ಮರುದಿನ ತರಗತಿಯಲ್ಲಿ ಮತ್ತೆ ಕೂಗಾಟ, "ಅವರ ಕೊಡ ಸಣ್ಣದೈತ್ರಿ!" ನಿಜಕ್ಕೂ ಸಣ್ಣದಿತ್ತು. ಏಕಮಾನ ಏಕೆ ಬೇಕು ಎಂಬ ಪಾಠವನ್ನು ಮೂರು ಪಾಠಯೋಜನೆ ಬರೆದರೂ ನಾನು ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಮಕ್ಕಳೇ ಚರ್ಚಿಸಿ 20 ಲೀಟರಿನ ಕುಡಿಯುವ ನೀರಿನ ಕ್ಯಾನು ಆಗಬಹುದು ಎಂದರು. ಎರಡು ಕ್ಯಾನು ತಂದು, ಶಾಲೆಯ ಅಳತೆ ಜಾಡಿಯಿಂದ ಅವುಗಳಲ್ಲಿ ಸರಿಯಾಗಿ 20 ಲೀಟರಿಗೆ ಗೆರೆ ಹಾಕಿದರು. ಗೆರೆ ಹಾಕುವಾಗ ಎರಡೂ ಕಡೆಯ ಒಬ್ಬೊಬ್ಬರು ಬಗ್ಗಿ ಕಣ್ಣಿನ ಮಟ್ಟಕ್ಕೆ ನೋಡಿ "ಹೂಂ" ಅನ್ನಬೇಕು ಎಂಬ ನಿಯಮವೂ ಅವರದೇ. ಇಡೀ ಕೆಲಸದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಈ "ಹೂಂ". ನೀರು ಯಾರಿಗೆ ಎಷ್ಟು ಎಂಬುದರಲ್ಲಿ ಅವರಿಗೆ ಒಪ್ಪಂದವಿರಲಿಲ್ಲ, ಅಳೆಯುವುದು ಹೇಗೆ ಎಂಬುದರಲ್ಲಿ ಒಪ್ಪಂದವಾಯಿತು. ರಾಜಿಗೆ ಮೊದಲು ಅಳತೆಗೆ ಒಪ್ಪಿಸಬೇಕು ಎಂಬುದನ್ನು ನಾನು ಕಲಿತದ್ದು ಇಲ್ಲಿಯೇ.

ಒಂದು ಅಡಚಣೆಯನ್ನು ಮುಚ್ಚಿಡಬಾರದು. ಇಬ್ಬರು ಹುಡುಗಿಯರ ಮನೆಯವರು ಆ ಕಡೆಯ ಊರಿಗೆ ಕಳಿಸಲು ಒಪ್ಪಲಿಲ್ಲ. ನಾನು ಮನೆಗೆ ಹೋಗಿ ಮಾತಾಡಿದೆ, ಒಪ್ಪಲಿಲ್ಲ, ಒತ್ತಾಯಿಸಲಿಲ್ಲ. ಅವರಿಗೆ ದಾಖಲೆ ಬರೆಯುವ ಕೆಲಸ ಕೊಟ್ಟೆವು. ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ, ಪಾಲಕರ ಸಹಿ, ಜೊತೆಗೊಬ್ಬ ಶಿಕ್ಷಕರು, ಇವಿಷ್ಟೂ ಇಲ್ಲದೆ ಯಾರೂ ಈ ಚಟುವಟಿಕೆಗೆ ಕೈಹಾಕಬಾರದು. ನಾವು ನಾಲ್ಕು ತಿಂಗಳಿಗೆ ಹೊರಟುಬಿಡುತ್ತೇವೆ. ಮಕ್ಕಳು ಅದೇ ಓಣಿಯಲ್ಲಿ ಉಳಿಯುತ್ತಾರೆ.

ಮೂರು ವಾರದ ಅಳತೆ ಮುಗಿದಾಗ ಗ್ರಾಫ್ ಹಾಳೆಯಲ್ಲಿ ಬಂದದ್ದು ಯಾರೂ ನಿರೀಕ್ಷಿಸದ ಚಿತ್ರ. ಟಾಕಿಗೆ ಹತ್ತಿರದ ನಲ್ಲಿಯಲ್ಲಿ, ಯಾವ ಕಡೆಯದಾದರೂ ಸರಿ, ಕ್ಯಾನು ತುಂಬಲು ಸುಮಾರು 50 ಸೆಕೆಂಡು, ಅಂದರೆ ನಿಮಿಷಕ್ಕೆ 24 ಲೀಟರ್. ಕಟ್ಟಕಡೆಯ ನಲ್ಲಿಯಲ್ಲಿ, ಎರಡೂ ಕಡೆ, ಮೂರು ನಿಮಿಷ ದಾಟುತ್ತಿತ್ತು. ವ್ಯತ್ಯಾಸ ಪುನರ್ವಸತಿಗೂ ಪಕ್ಕದ ಊರಿಗೂ ಇರಲಿಲ್ಲ, ಹತ್ತಿರದವರಿಗೂ ದೂರದವರಿಗೂ ಇತ್ತು. ವಾಟರ್‌ಮನ್ ವಾಲ್ವ್ ತಿರುಗಿಸುವ ಹೊತ್ತು ಗೊತ್ತಾಗದೆ ಕೆಲವರು ಖಾಲಿ ಕೊಡ ಹಿಡಿದು ವಾಪಸು ಹೋಗುತ್ತಿದ್ದರು. ಅದೂ ಎರಡೂ ಕಡೆ. "ಮತ್ತ ನಾವು ಬಡದಾಡಿದ್ದು ಯಾಕ?" ಎಂದು ತುಟಿ ಒಡೆಸಿಕೊಂಡಿದ್ದವನೇ ಕೇಳಿದ. ಪೈಪಿನ ಉದ್ದ, ಎತ್ತರ, ಒತ್ತಡ ಕುರಿತು ಅಂದು ನಡೆದ ಪಾಠಕ್ಕೆ ನಾನು ಪೀಠಿಕೆ ಹಾಕುವ ಅಗತ್ಯವೇ ಬೀಳಲಿಲ್ಲ.

ಆದರೆ ದಾಖಲೆ ಬರೆಯುತ್ತಿದ್ದ ಹುಡುಗಿಯೊಬ್ಬಳು ತನ್ನ "ಕಂಡದ್ದು" ಕಲಂನಲ್ಲಿ ಇನ್ನೊಂದು ಸಾಲು ಸೇರಿಸಿದ್ದಳು: "ಎರಡೂ ಕಡೆ ಕಡೀ ಓಣಿ ನಮ್ಮ ಮಂದಿದ ಐತಿ." ಊರು ಮುಳುಗಿ, ಹೊಸದಾಗಿ ನಕ್ಷೆ ಹಾಕಿ ಕಟ್ಟಿದ ಕೇಂದ್ರದಲ್ಲೂ ಕೇರಿ ಕಡೆಗೇ ಬಂದಿತ್ತು. ಅದನ್ನು ಅವಳು ದೂರಿನಂತೆ ಬರೆದಿರಲಿಲ್ಲ, ಅಳತೆಯಂತೆ ಬರೆದಿದ್ದಳು. ತರಗತಿಯಲ್ಲಿ ಅದನ್ನು ಓದಿಸಬೇಕೇ ಬೇಡವೇ ಎಂದು ಎರಡು ದಿನ ಯೋಚಿಸಿದೆ. ಅವಳನ್ನೇ ಕೇಳಿದೆ. "ಓದಬ್ಯಾಡ್ರಿ, ಅರ್ಜ್ಯಾಗ ಬರೀರಿ" ಎಂದಳು. ಬರೆದೆವು, "ಕಟ್ಟಕಡೆಯ ಎರಡು ಓಣಿಗಳು" ಎಂದಷ್ಟೇ. ಇದಕ್ಕಿಂತ ಹೆಚ್ಚು ಮಾಡಬೇಕಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಶಾಲಾ ವಿಜ್ಞಾನದ ಅಳತೆ ಅಲ್ಲಿಯವರೆಗೆ ಕೊಂಡೊಯ್ಯುತ್ತದೆ, ಮುಂದಿನ ಪಾಠಕ್ಕೆ ನಾನು ಸಿದ್ಧಳಿರಲಿಲ್ಲ.

ಹಕ್ಕಿನ ಭಾಗಕ್ಕೆ ಬಂದಾಗ ನಾನು ಮಾಡಿದ ತಪ್ಪು ದೊಡ್ಡದು. ನ್ಯಾಯಯುತ ಪರಿಹಾರ ಮತ್ತು ಪುನರ್ವಸತಿ ಕುರಿತ 2013ರ ಭೂಸ್ವಾಧೀನ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಪುನರ್ವಸತಿ ಪ್ರದೇಶದಲ್ಲಿ ಇರಬೇಕಾದ 25 ಸೌಲಭ್ಯಗಳ ಪಟ್ಟಿ ಇದೆ: ರಸ್ತೆ, ಚರಂಡಿ, ಜನ ಜಾನುವಾರುಗಳಿಗೆ ಕುಡಿಯುವ ನೀರು, ಶಾಲೆ, ಅಂಗನವಾಡಿ, ಸ್ಮಶಾನ, ಆಟದ ಮೈದಾನ ಹೀಗೆ. ನಾನು ಆ ಪಟ್ಟಿಯನ್ನು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿ, "ಇದೆಲ್ಲ ನಿಮಗೆ ಸಿಗಬೇಕಾದ ಹಕ್ಕು" ಎಂದುಬಿಟ್ಟೆ. ಮಕ್ಕಳು ಆ ಸಂಜೆಯೇ ಮನೆಯಲ್ಲಿ ಹೇಳಿದರು. ಮರುದಿನ ಒಬ್ಬ ವಿದ್ಯಾರ್ಥಿಯ ಅಜ್ಜ ಟ್ರಂಕಿನಲ್ಲಿಟ್ಟಿದ್ದ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಾಲೆಗೆ ಬಂದರು. "ಅಕ್ಕಾರ, ನಮ್ಮ ಹೊಲಾ ಹೋಗಿದ್ದು ಹಳೇ ಕಾಯ್ದ್ಯಾಗ್ರಿ. ನೀವು ಹೇಳೂದು ಆಮ್ಯಾಲ ಬಂದದ್ದು. ಹುಡುಗರಿಗೆ ಆಸೆ ಹಚ್ಚಬ್ಯಾಡ್ರಿ, ನಾವು ಭಾಳ ಆಸೆ ನೋಡೀವಿ" ಎಂದರು. ಅವರ ಮಾತು ಸರಿಯಿತ್ತು. ಈ ಕೇಂದ್ರದ ಭೂಸ್ವಾಧೀನ ನಡೆದದ್ದು 1894ರ ಕಾಯ್ದೆಯಡಿ. ಅದರಲ್ಲಿ ಪರಿಹಾರದ ಮಾತಿತ್ತು, ಪುನರ್ವಸತಿ ಸೌಲಭ್ಯಗಳ ಇಂಥ ಪಟ್ಟಿ ಇರಲಿಲ್ಲ. 2014ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ಹಿಂದೆ ಮುಗಿದುಹೋದ ಪ್ರಕರಣಗಳಿಗೆ ತಾನಾಗಿಯೇ ಅನ್ವಯಿಸುವುದಿಲ್ಲ.

ನಾನು ತರಗತಿಯಲ್ಲಿ ನಿಂತು, ನಿನ್ನೆ ಹೇಳಿದ್ದು ತಪ್ಪು ಎಂದು ಹೇಳಿದೆ. ಚಾರ್ಟನ್ನು ಕಿತ್ತುಹಾಕಲಿಲ್ಲ, ಅದರ ಕೆಳಗೆ "ಇದು ಯಾರಿಗೆ, ಯಾವಾಗಿನಿಂದ?" ಎಂದು ಬರೆದೆ. ಹಕ್ಕುಗಳ ಬಗ್ಗೆ ಕಲಿಸಲು ಹೊರಟ ಪ್ರಶಿಕ್ಷಣಾರ್ಥಿಗಳು ಕಾಯ್ದೆಯ ಹೆಸರಿಗಿಂತ ಮೊದಲು ಅದು ಜಾರಿಯಾದ ದಿನಾಂಕ ನೋಡಬೇಕು. ಉತ್ಸಾಹದಲ್ಲಿ ಕೊಟ್ಟ ತಪ್ಪು ಭರವಸೆ ಆ ಮನೆಗಳಿಗೆ ಹೊಸದಲ್ಲ.

ಆ ಚಾರ್ಟೇ ಮುಂದೆ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ಅಜ್ಜನ ಕಾಗದಗಳ ಮಾತು ಬಂದಾಗ ಪಕ್ಕದ ಊರಿನ ಹುಡುಗನೊಬ್ಬ "ನಮಗೇನು, ನಮ್ಮೂರು ಮುಳಗಿಲ್ಲ" ಎಂದ. ನಾನು ಎರಡು ಸಂಖ್ಯೆ ಬರೆದೆ: 519.6 ಮತ್ತು 524.256. ಎರಡನೆಯದು ಕೃಷ್ಣಾ ಜಲವಿವಾದ ಎರಡನೇ ನ್ಯಾಯಾಧಿಕರಣ 2010ರ ತೀರ್ಪಿನಲ್ಲಿ ಆಲಮಟ್ಟಿಗೆ ಒಪ್ಪಿದ ಮಟ್ಟ. ಆ ವಿವಾದ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಗಿದೆ. ಕಳೆದರೆ 4.656 ಮೀಟರ್. ಅದೆಷ್ಟು ಎತ್ತರ ಎಂದು ಕೇಳಿದೆ. ಟೇಪು ತೆಗೆದುಕೊಂಡು ಹೊರಗೆ ಹೋಗಿ, ಬೇವಿನ ಮರಕ್ಕೆ ಏಣಿ ಹಚ್ಚಿ ಸುಣ್ಣದ ಗುರುತು ಹಾಕಿದರು. ಶಾಲೆಯ ಛಾವಣಿಗಿಂತ ಮೇಲೆ ಬಂತು. ಯಾವ ಸರ್ವೆ ನಂಬರು ಮುಳುಗುತ್ತದೆ ಎಂಬುದನ್ನು ಈ ಗುರುತು ಹೇಳುವುದಿಲ್ಲ, ಅದಕ್ಕೆ ಆ ಜಾಗದ ಮಟ್ಟ ಬೇಕು ಎಂದು ಎರಡು ಸಲ ಹೇಳಿದೆ. ಆದರೂ ಆ ಹುಡುಗ ಸುಣ್ಣದ ಗೆರೆಯನ್ನೇ ನೋಡುತ್ತ, "ಹಂಗಾರ ನಮ್ಮ ಹಳ್ಳದ ಹೊಲಾ?" ಎಂದ.

ನಾನು ಉತ್ತರ ಹುಡುಕುತ್ತಿದ್ದೆ. ಉತ್ತರ ಕೊಟ್ಟವನು ಪಾತ್ರಾಭಿನಯದಲ್ಲಿ ಎದ್ದು ನಿಲ್ಲದ ಹುಡುಗ. "ನೋಟಿಸ್ ಬರೂದರಾಗ ನಿಮ್ಮ ಮನಿ, ಬಾವಿ, ಗಿಡಾ ಎಲ್ಲಾ ಎಣಿಸಿ ಬರದ ಇಟ್ಕೋರಿ. ಫೋಟೋ ಹೊಡೀರಿ. ನಮ್ಮ ಅಜ್ಜ ಬರದಿಡಲಿಲ್ಲ, ಹುಣಸಿಗಿಡದ ರೊಕ್ಕ ಬರಲಿಲ್ಲ." ಆಮೇಲೆ ಚಾರ್ಟಿನ ಕಡೆ ಕೈ ತೋರಿಸಿ, "ಅದು ನಮಗಲ್ಲ, ನಿಮಗ ಬರಬಹುದು" ಎಂದ. ಮರದ ಕೆಳಗೆ ಯಾರೂ ಮಾತಾಡಲಿಲ್ಲ. ನನ್ನ ದಿನಚರಿಯ ಆ ಪುಟದಲ್ಲಿ ದಿನಾಂಕ ಬಿಟ್ಟು ಬೇರೇನೂ ಇಲ್ಲ.

ಕೊನೆಯ ಹಂತ ಅರ್ಜಿ. ಮಾಹಿತಿ ಹಕ್ಕು ಅಧಿನಿಯಮ 2005 ಮಕ್ಕಳಿಗೆ ಪೌರನೀತಿಯ ಪಾಠದಲ್ಲಿ ಗೊತ್ತಿತ್ತು, ಅರ್ಜಿ ಯಾರೂ ನೋಡಿರಲಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಮಿತಿಯನ್ನು ಕನ್ನಡ ಶಿಕ್ಷಕರು ಒಂದು ಒಳ್ಳೆಯ ಬರವಣಿಗೆ ಪಾಠವಾಗಿಸಿದರು. ಮೊದಲ ಕರಡು 400 ಪದ ದಾಟಿತ್ತು. "ಘೋರ ಅನ್ಯಾಯ" ಹೋಯಿತು, "ಕಣ್ಣಿದ್ದೂ ಕುರುಡರಾದ ಅಧಿಕಾರಿಗಳು" ಹೋಯಿತು (ಬರೆದವನಿಗೆ ಬಹಳ ಬೇಸರವಾಯಿತು). "ನೀರು ಏಕೆ ಬರುವುದಿಲ್ಲ?" ಎಂಬುದನ್ನೂ ಬದಲಿಸಬೇಕಾಯಿತು, ಏಕೆಂದರೆ ಈ ಕಾಯ್ದೆಯಲ್ಲಿ ಕೇಳುವುದು ಕಾರಣವನ್ನಲ್ಲ, ಕಚೇರಿಯಲ್ಲಿರುವ ದಾಖಲೆಯನ್ನು. ಕಡೆಗೆ ಉಳಿದದ್ದು: ಟಾಕಿ ಮತ್ತು ಪೈಪುಗಳ ನಿರ್ವಹಣೆ ಗ್ರಾಮ ಪಂಚಾಯಿತಿಗೆ ಹಸ್ತಾಂತರವಾದ ಆದೇಶದ ಪ್ರತಿ, ಪಂಪು ಚಾಲೂ ಮಾಡಿದ ದಿನ ಮತ್ತು ಹೊತ್ತಿನ ದಾಖಲೆಯ ಪ್ರತಿ. ಟಾಕಿ ಪಂಚಾಯಿತಿಯದೋ ಯೋಜನೆಯದೋ ಎಂಬುದು ಊರಿನಲ್ಲಿ ಯಾರಿಗೂ ಖಚಿತವಿರಲಿಲ್ಲ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕೆಂದು ಕಾಯ್ದೆಯೇ ಹೇಳುವುದರಿಂದ ಪಂಚಾಯಿತಿಗೇ ಕೊಟ್ಟೆವು. 10 ರೂಪಾಯಿಯ ಪೋಸ್ಟಲ್ ಆರ್ಡರ್. ಸಹಿ ಮಕ್ಕಳದಲ್ಲ, ಒಬ್ಬ ಪಾಲಕರದು. ಯಾವ ಕಡೆಯ ಪಾಲಕರು ಎಂಬ ಪ್ರಶ್ನೆ ಬಂದಾಗ ಮಕ್ಕಳು ಚೀಟಿ ಎತ್ತಿದರು. ಚೀಟಿ ಎತ್ತುವ ವಿಧಾನ ಈ ಸಲ ಕೆಲಸ ಮಾಡಿತು.

ಅಳತೆಯ ಗ್ರಾಫನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಂಡಿಸಿದರು, ಪ್ರತಿ ನಲ್ಲಿಯ ಜೋಡಿ ಒಟ್ಟಿಗೆ ನಿಂತು. ಎರಡೂ ಕಡೆಯ ಮಕ್ಕಳು ಒಂದೇ ಬೇಡಿಕೆ ಇಟ್ಟದ್ದು ಪಂಚಾಯಿತಿಯವರಿಗೆ ಸ್ವಲ್ಪ ಇರಿಸುಮುರಿಸಾದಂತೆ ಕಂಡಿತು. ನೀರು ಬಿಡುವ ಹೊತ್ತನ್ನು ಟಾಕಿಯ ಗೋಡೆಗೆ ಬರೆಸುವುದಾಗಿ ಪಿಡಿಒ ಹೇಳಿದರು, ಹತ್ತು ದಿನದಲ್ಲಿ ಬರೆಸಿದರು. ಕಡೆಯ ಓಣಿಗಳಿಗೆ ಬೇರೆ ಪೈಪಿನ ಬೇಡಿಕೆಯನ್ನು ಬರೆದುಕೊಂಡರು. ಅದು ಬರೆದುಕೊಂಡಲ್ಲಿಗೇ ನಿಂತಿದೆ. ತರಗತಿಯಲ್ಲಿ ಕೂರುವ ರೀತಿ ಪೂರ್ತಿ ಬದಲಾಗಿಲ್ಲ. ನಡುವಿನ ಎರಡು ಬೆಂಚು ಮಾತ್ರ ಬೆರೆತಿವೆ. ನನ್ನ ಇಂಟರ್ನ್‌ಶಿಪ್ ಮುಗಿದ ದಿನ ಅರ್ಜಿ ಕೊಟ್ಟು 22 ದಿನವಾಗಿತ್ತು. ಉತ್ತರಕ್ಕೆ 30 ದಿನದ ಗಡುವು. ತರಗತಿಯ ಕ್ಯಾಲೆಂಡರಿನಲ್ಲಿ ಒಂದೊಂದೇ ದಿನ ಗೀಟು ಹಾಕುತ್ತಿದ್ದರು.

31ನೇ ದಿನ ಸಂಜೆ ಮಾರ್ಗದರ್ಶಕ ಶಿಕ್ಷಕರ ಫೋನಿನಿಂದ ನನಗೆ ಒಂದು ಫೋಟೋ ಬಂತು. ಪ್ರಥಮ ಮೇಲ್ಮನವಿಯ ಕರಡು, ಗುಂಡುಗುಂಡಾದ ಅಕ್ಷರ, ಕೆಳಗೆ "ಮೇಡಂ ತಪ್ಪಿದ್ರ ತಿದ್ದಿ ಕಳಿಸ್ರಿ" ಎಂಬ ಸಾಲು. ಪದ ಎಣಿಸಿದೆ, 112. "ಮೇಲ್ಮನವಿ"ಗೆ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು, ತಿದ್ದಿ ಕಳಿಸಿದೆ.